ನಳ ಬರೋ ಜಾಗ

ಬಳ್ಳಾರಿ, ವ್ಯಯ ಸಂವತ್ಸರ, ಮಾರ್ಗಶಿರ ಶುದ್ಧ ಪಂಚಮಿ

ತಾಯಿಯಂಥ ಅಕ್ಕಗ ನಮಸ್ಕಾರ. ಇಲ್ಲಿ ಮುನ್ಸಿಪಾಲ್ಟಿ ಮೆಂಬರುಗಳು ಕೈ ಎತ್ತಿ ನಮ್ಮವರೇ ಒಬ್ಬ ವಕೀಲರನ್ನ ಪ್ರೆಸಿಡೆಂಟ್ ಮಾಡ್ಯಾರ. ಇಷ್ಟು ದಿನ ಆ ಕುರ್ಚಿ ಬಿಳಿ ದೊರಿಗಳದು. ಇವರು ಚಪ್ಪಲಿ ಬಿಟ್ಟು, ಕುರ್ಚಿಗೆ ಕೈಮುಗಿದು ಕೂತರಂತ! ನಮ್ಮ ಓಣಿಗೂ ನಳ ಹಾಕಿಸ್ತೀನಿ ಅಂತ ಜಾಗಾನೂ ತೋರಿಸ್ಯಾರ.

ನಾನು ಉಳಕೊಂಡ ಮನಿಯ ತುಂಗಾಬಾಯಿ ಮಾತ್ರ ನಕ್ಕುಬಿಟ್ಟರು. "ಕುರ್ಚಿ ಮ್ಯಾಲೆ ಯಾರು ಕೂತರೂ ನನ್ನ ಸೊಂಟದ ಮ್ಯಾಲಿನ ಕೊಡ ತಪ್ಪೂದಿಲ್ಲ. ಅದೂ ಅಲ್ಲದ, ನೀರು ಸೋರದಂಗ ನಳದೊಳಗ ತೊಗಲಿನ ತುಂಡು ಇರತದಂತ. ಆ ನೀರು ಮಡಿಗೆ ಬರತದೇನು? ಬಂದರೂ ನಾ ಮುಟ್ಟಂಗಿಲ್ಲ."

ಇಲ್ಲಿಯ ಸವಳು ನೀರಿಗೆ ನನ್ನ ಹೊಟ್ಟಿ ಕೆಟ್ಟಿತ್ತು, ಈಗ ಆರಾಮ ಇದ್ದೀನಿ. ನಮ್ಮ ಸಿರುಗುಪ್ಪದ ಹೊಳಿ ನೀರು ಭಾಳ ನೆನಪಾಗತದ.

ಇವತ್ತು ಮುಂಜಾನಿ ನೋಡಿದರ, ನಳ ಬರತದ ಅಂದ ಜಾಗದಾಗ ತುಂಗಾಬಾಯಿ ಸಗಣಿ ಸಾರಿಸಿ ಸಣ್ಣ ರಂಗೋಲಿ ಹಾಕಲಿಕ್ಕೆ ಹತ್ತಿದ್ದರು. ನನ್ನ ನೋಡಿ ನಾಚಿ, "ಶಾಮಾ, ಕೊಡದಾಗ ಒಂದು ತುಳಸಿ ದಳ ಹಾಕಿದರ ನಳದ ನೀರು ಶುದ್ಧ ಆಗತದಲ್ಲ?" ಅಂತ ಕೇಳಿದರು.

ಆಗತದ ಅಂದುಬಿಟ್ಟೆ, ಅಕ್ಕ. ಇಲ್ಲಿ ನಳಕ್ಕಂತ ಇನ್ನೂ ಒಂದು ಗುಂಡಿನೂ ತೋಡಿಲ್ಲ.

ಕಾರ್ಡು ತುಂಬಿತು.
ನಿನ್ನ ಶಾಮ