ಬಾಗಿಲ ಮುಂದಿನ ಬೇವು

ಚಿಕ್ಕನರಗುಂದ
೧೪ ಏಪ್ರಿಲ್ ೨೦೦೬

ಹಸನಬಿ ಅಕ್ಕನಿಗೆ ತಮ್ಮ ದಾದಾಪೀರನ ಸಲಾಮ್.

ಮಗಳು ಹುಸ್ನಾಳ ಪರೀಕ್ಷೆಯ ಓದಿಗೆಂದು ಮನೆಗೆ ಸೋಲಾರ್ ಹಾಕಿಸಿದೆವು. ಬೆಳಕು ಚಲೋ ಇದೆ. ಹಾಕಲು ಬಂದವನು, "ಮಾಳಿಗಿ ಮ್ಯಾಲ ನೆರಳ ಬೀಳಬಾರದ್ರಿ" ಅಂದ. ಅದಕ್ಕೆ ಸೋಮವಾರ ಬಾಗಿಲ ಮುಂದಿನ ಬೇವಿನ ಮರ ಕಡಿಸಿದೆ.

ಕಣ್ಣು ಹೋದ ಮೇಲೂ ಅಬ್ಬಾ ಮಧ್ಯಾಹ್ನದ ನಮಾಜು ಮುಗಿಸಿ ಒಬ್ಬರೇ ಬರುತ್ತಿದ್ದುದು ನಿನಗೆ ಗೊತ್ತಲ್ಲ. ಬಿಸಿಲಲ್ಲಿ ನಡೆದು ಬಂದು, ತಲೆಗೆ ತಂಪು ತಾಗಿದ ಕಡೆ ಮನೆ ಬಂತೆಂದು ಒಳಗೆ ತಿರುಗುತ್ತಿದ್ದರು. ಮಂಗಳವಾರ ಮನೆ ದಾಟಿ ಮುಂದೆ ನಡೆದುಬಿಟ್ಟಿದ್ದಾರೆ. ಕಾಲುವೆಯ ದಾರಿಯಲ್ಲಿ ಹೋಗುವುದನ್ನು ಒಬ್ಬರು ಕಂಡರಂತೆ. ಆಮೇಲೆ ಯಾರೂ ಕಂಡಿಲ್ಲ. ಇಂದಿಗೆ ನಾಲ್ಕು ದಿನ.

ನಿಮ್ಮ ಇಟಗಿ ಕಡೆ ಬಂದರೆ ಅಲ್ಲೇ ಇಟ್ಟುಕೋ, ಬಿಸಿಲಲ್ಲಿ ಕಳಿಸಬೇಡ. ಬಿಳಿ ಜುಬ್ಬಾ, ಕೈಯಲ್ಲಿ ಬಿದಿರಿನ ಕೋಲು ಎಂದು ಮಸೀದಿಯಲ್ಲಿ ನಿನ್ನ ಮಾವನಿಂದ ಹೇಳಿಸು.

ಮರ ಕಡಿಯುವಾಗ ಅಬ್ಬಾ, "ಇನ್ನ ಮನಿ ಹ್ಯಾಂಗ ಗೊತ್ತಾಗಬೇಕೋ ನನಗ?" ಅಂದಿದ್ದರು. ನಾನು ನಕ್ಕು, "ಬಾಗಲದಾಗ ಲೈಟ್ ಹಚ್ಚತೀನ್ ತಗೋರಿ" ಅಂದೆ.

ಈಗ ಹಗಲೂ ಹಚ್ಚಿಟ್ಟಿರುತ್ತೇನೆ, ಅಕ್ಕಾ.

ನಿನ್ನ ತಮ್ಮ
ದಾದಾಪೀರ