ಮಂಗಳಕ್ಕೆ ಎದ್ದು ನಿಂತವರು

ಮುಂದಿನ ಚಾಪೆಯ ಹಿರಿಯರೇ, ಹಿಂದಿನ ಬೆಂಚಿನ ಗದ್ದಲದವರೇ, ಕಂಬಕ್ಕೆ ಆತು ನಿಂತ ಪುಣ್ಯಾತ್ಮರೇ, ನನಗಿಂತ ಇನ್ನೂರು ವರ್ಷ ಹಿಂದೆ ನೆರೆದಿರುವ ಮಹಾಜನರೇ, ಕೇಳಿರಿ! ಇದು ಎರಡು ಸಾವಿರದ ಇನ್ನೂರ ಇಪ್ಪತ್ತಾರನೆಯ ಇಸವಿ, ಎರಡನೆಯ ವೈಶಾಖದ ಮೂವತ್ತೆಂಟನೆಯ ದಿನ. ನಿಮ್ಮ ಪಂಚಾಂಗದಲ್ಲಿ ಇಂಥ ದಿನವಿಲ್ಲ, ಬಲ್ಲೆ. ಬೇಸಿಗೆ ಹಳೆಯ ತಿಂಗಳುಗಳ ಹಿಡಿತಕ್ಕೆ ಸಿಗದೆ ಹೋದಾಗ ನಮ್ಮ ಹಿರಿಯರು ವೈಶಾಖವನ್ನೇ ಎರಡು ಸಲ ಎಣಿಸತೊಡಗಿದರು. ನನ್ನ ಮಾತಿನಲ್ಲಿ ನೀವು ಅರಿಯದ ಪದ ಬಂದರೆ ಮನ್ನಿಸಿ. ನಾನು ಗುರುಪಾದಯ್ಯ, ಏರುಪೇಟೆಯ ನಾಟಕ ಕಂಪನಿಯ ಕೊನೆಯ ನಟ. ತೊಟ್ಟಿಲಲ್ಲೇ ಹಾರ್ಮೋನಿಯಂ ಕೇಳಿ ಬೆಳೆದವನು, ಹೀಗಾಗಿ ಕಾಗದದ ಮೇಲೂ ಕೂಗಿಯೇ ಮಾತಾಡುತ್ತೇನೆ.

ಈಗ ಬೇಗೆಮುಚ್ಚಿನ ಹೊತ್ತು. ಅಂದರೆ, ಬಿಸಿಲು ನೆತ್ತಿಗೇರಿದಾಗಿನಿಂದ ಇಳಿಯುವ ತನಕ ಊರಿಗೆ ಊರೇ ಕದ ಹಾಕಿಕೊಂಡು ಒಳಗಿರುವ ಹೊತ್ತು. ಬೀದಿಯಲ್ಲಿ ನಾಯಿಯೂ ಇರುವುದಿಲ್ಲ. ಬೆಳಗಿನ ಜಾವವೇ ಜನ ಮಾಳಿಗೆಯ ಮೇಲೆ ಹರಡಿದ ಇಬ್ಬನಿಬಲೆಗಳಿಂದ ನೀರು ಹಿಂಡಿ, ಹೂಜಿ ತುಂಬಿ, ರೊಟ್ಟಿ ಬಡಿದು, ಸಂತೆ ಮುಗಿಸಿ ಮನೆ ಸೇರಿಬಿಡುತ್ತಾರೆ. ನನಗೆ ನಾಟಕದ ಥೇಟರೇ ಮನೆ. ಖಾಲಿ ಕುರ್ಚಿಗಳ ಎದುರು ನಿಂತು ಹಳೆಯ ರಾಜರ ಮಾತು ಹೇಳುತ್ತ ಹೊತ್ತು ಕಳೆಯುತ್ತೇನೆ. ಎರಡು ವರ್ಷದಿಂದ ಅದನ್ನು ಕೇಳಲು ಪರದೆಯ ಹಗ್ಗದ ಬಳಿ ಒಬ್ಬಳಿದ್ದಳು, ಶೆಫಾಲಿ. ಇವತ್ತು ಅವಳು ಬಣ್ಣದ ಕೋಣೆಯಲ್ಲಿ ಪರದೆಗಳನ್ನೆಲ್ಲ ಮಡಿಚಿಡುತ್ತಿದ್ದಾಳೆ. ನಾಳೆ ಗಾಡಿ ಬರುವುದರೊಳಗೆ ಕೆಲಸ ಮುಗಿಯಬೇಕಂತೆ.

ಶೆಫಾಲಿ ಮೂಡಣ ಸಮುದ್ರದ ತೇಲೂರಿನವಳು. ನೆಲ ಮುಳುಗಿದ ಮೇಲೆ ದೋಣಿಗಳನ್ನು ಬಿಗಿದು ಕಟ್ಟಿದ ಊರದು. ಅಲ್ಲಿ ಒಡ್ಡುಗಳನ್ನು ಕಾಯುವವರೇ ದೊರೆಗಳು. ಅವರು ಬೇಕೆಂದೇ ಒಡ್ಡು ಒಡೆದು ಒಂದು ಕೇರಿಯನ್ನು ಮುಳುಗಿಸಿದ್ದನ್ನು ಇವಳು ಕಂಡಿದ್ದಳು, ಕಂಡದ್ದನ್ನು ಹೇಳಿಯೂ ಬಿಟ್ಟಿದ್ದಳು. ಹಿಂದಕ್ಕೆ ಹೋದರೆ ಅವಳನ್ನು ಉಳಿಸುವುದಿಲ್ಲ. ಏರುಪೇಟೆಯಲ್ಲಿ ನೆರಳುಕಟ್ಟಳೆ ಎಂಬುದೊಂದಿತ್ತು. ಜೀವ ಉಳಿಸಿಕೊಳ್ಳಲು ಊರೊಳಗೆ ಬಂದವರನ್ನು ನಗರಸಭೆ ಯಾರಿಗೂ ಹಿಡಿದುಕೊಡುವಂತಿಲ್ಲ. ಆ ಕಟ್ಟಳೆ ಇರಬೇಕೋ ಬೇಡವೋ ಎಂದು ನಿನ್ನೆ ಸಂಜೆ ಚರ್ಚೆಯಾಯಿತು. ಸಭಾಭವನದ ತಗಡು ಕಾದಿದ್ದರಿಂದ ನಮ್ಮ ಥೇಟರಿನಲ್ಲೇ ಸೇರಿದರು. ಎಷ್ಟೋ ವರ್ಷದ ಮೇಲೆ ಎಲ್ಲ ಕುರ್ಚಿ ತುಂಬಿದ್ದವು. ಸುಳ್ಳೇಕೆ, ಆ ಕ್ಷಣ ನನ್ನ ಎದೆ ಉಬ್ಬಿತು.

ನಮ್ಮಲ್ಲಿ ಮತ ಹಾಕುವ ರೀತಿ ನಿಮಗೆ ಹೊಸದಿದ್ದೀತು. ಗಂಟೆ ಬಾರಿಸಿದಾಗ ಕುಳಿತಿದ್ದವರು ಇಟ್ಟುಕೊಳ್ಳುವವರು, ನಿಂತಿದ್ದವರು ಕಳಿಸುವವರು. ಬಂದವರಿಗೆ ಪಕ್ಕದಲ್ಲಿ ಜಾಗ ಕೊಡಬೇಕಾದರೆ ಕೂತಿರಬೇಕು, ಬೀಳ್ಕೊಡಲು ಏಳಬೇಕು. ಅದರ ಹಿಂದಿನ ಎಣಿಕೆ ಇಷ್ಟೇ. ರಂಗದ ಮೇಲಿರುವವರಿಗೆ ಮತವಿಲ್ಲ. ಇಬ್ಬನಿಬಲೆ ನೇಯುವ ನೀಲವ್ವ ಮೊದಲು ಮಾತಾಡಿದಳು. ಅವಳ ಮೊಮ್ಮಕ್ಕಳು ದಿನಕ್ಕೊಂದು ತಂಬಿಗೆ ನೀರಿನಲ್ಲಿ ಕಳೆಯುತ್ತಾರೆ, ಆ ಮಾತು ಸುಳ್ಳಲ್ಲ. “ಅಕೀ ಮ್ಯಾಲ ನಂಗ ಸಿಟ್ಟಿಲ್ಲ. ಇವತ್ತ ಒಬ್ಬಾಕಿ, ನಾಳೆ ನೂರು ಮಂದಿ. ನೂರು ಮಂದಿ ಬಂದ್ರಂತ ಇಬ್ಬನಿ ಹೆಚ್ಚಿಗಿ ಬೀಳತೈತೇನು?” ಎಂದಳು. ನಾನು ಶೆಫಾಲಿಯ ಪರ ನಿಂತು, ತೇಲೂರಿನ ಆ ಕೇರಿ ಮುಳುಗಿದ್ದನ್ನು ಅಭಿನಯಿಸಿಯೇ ಹೇಳಿದೆ. ಹಿಂದಿನ ಸಾಲಿನಿಂದ ಯಾರೋ, “ಮಾಸ್ತರ, ಸಾವಕಾಶ. ಅಕೀನ ಉಳಸೂಕಿಂತ ಮೊದಲ ಮಾಳಗಿ ಕೆಡವಬ್ಯಾಡ್ರಿ” ಅಂದ. ಜನ ನಕ್ಕರು, ಆಮೇಲೆ ಅತ್ತರು, ಒನ್ಸ್ ಮೋರ್ ಕೂಗಿದರು. ನೀಲವ್ವನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೆದ್ದೆವು ಅಂದುಕೊಂಡೆ.

ಕೊನೆಯ ಮಾತು ನೆರಳಲ್ಲಿದ್ದವರದೇ ಆಗಬೇಕೆಂಬುದು ರೂಢಿ. ಅಧ್ಯಕ್ಷ ತೋಟಪ್ಪ ಅವಳನ್ನು ಕರೆದರು. ಅವಳಿಗೆ ಬರುವ ಕನ್ನಡ ಹರಕುಮುರುಕು. ಇಡಿಯಾಗಿ ಬರುತ್ತಿದ್ದುದು ಒಂದೇ, ನಾಟಕ ಮುಗಿದಾಗ ನಾವು ಹಾಡುವ ಮಂಗಳ. ಕೃತಜ್ಞತೆ ಹೇಳಲು ಅದಕ್ಕಿಂತ ದೊಡ್ಡ ಮಾತು ಈ ಊರಿನಲ್ಲಿಲ್ಲವೆಂದು ನಂಬಿದ್ದಳು. ಹಗ್ಗ ಬಿಟ್ಟು ಮುಂದೆ ಬಂದು, ಕೈ ಮುಗಿದು ಹಾಡಿದಳು. ಮಂಗಳಕ್ಕೆ ಕೂತಿರುವ ಜನ ನಮ್ಮವರಲ್ಲ. ಮುದುಕರು, ಬಸುರಿಯರು, ಎಲ್ಲರೂ ಎದ್ದು ಕೈಮುಗಿದರು. ಹಾಡು ನಿಂತಿತು. ಕೊನೆಯ ಮಾತು ಮುಗಿಯಿತೆಂದು ಜವಾನ ಗಂಟೆ ಬಾರಿಸಿದ.

ನಗು ಎದ್ದಿತು. ತೋಟಪ್ಪನವರೂ ನಕ್ಕು, “ಮಂಗಳಕ್ಕ ನಿಂತದ್ದು ನಾ ಹಿಡಿಯೂದಿಲ್ಲ. ಕೂಡೋರು ಕೂಡ್ರಿ, ಗಂಟಿ ಇನ್ನೊಮ್ಮೆ ಬಾರಸ್ತಾರ” ಅಂದರು. ನಗು ಅಡಗಿತು. ಒಬ್ಬರ ಮುಖ ಒಬ್ಬರು ನೋಡಿದರು. ಈಗ ಕೂತರೆ ಎಲ್ಲರ ಕಣ್ಣಿಗೂ ಬೀಳಬೇಕು. ನಿಂತೇ ಇದ್ದರೆ, ಮಂಗಳಕ್ಕೆ ನಿಂತೆ ಎಂದುಕೊಂಡು ಮನೆಗೆ ಹೋಗಬಹುದು. ಶೆಫಾಲಿ ನನ್ನ ತೋಳು ಹಿಡಿದು ಮೆಲ್ಲಗೆ ಕೇಳಿದಳು: “ಮಾಸ್ತರ, ಈಗ ಕೂಡತಾರಲ್ಲ?”

ನಾನು ಮುಂದಿನ ಸಾಲಿನತ್ತ ನೋಡಿದೆ. ನೀಲವ್ವನ ಕೈ ಕುರ್ಚಿಯ ತೋಳಿಗೆ ಹೋದದ್ದನ್ನು ಕಂಡೆ. ಅವಳ ಮಂಡಿ ಬಾಗಿತು. ಅವಳು ಹಿಂದಿರುಗಿ ಸಾಲುಸಾಲಾಗಿ ನಿಂತವರನ್ನು ನೋಡಿದಳು, ಸೆರಗು ಸರಿಮಾಡಿಕೊಂಡು ನೆಟ್ಟಗಾದಳು. ಜವಾನ ಮತ್ತೆ ಗಂಟೆ ಬಾರಿಸಿದ. ಕಟ್ಟಳೆ ಬಿತ್ತು. ಶೆಫಾಲಿಯನ್ನು ತೇಲೂರಿಗೆ ಒಯ್ಯುವ ಗಾಡಿ ನಾಳೆ ಬೆಳಗ್ಗೆ ಬರುತ್ತದೆ. ಹೋಗುವಾಗ ಬಹಳ ಜನ ಶೆಫಾಲಿಯ ಹಾಡನ್ನು ಹೊಗಳಿ ಹೋದರು.

ಮಹಾಜನರೇ, ನಿಮ್ಮ ಊರುಗಳಲ್ಲೂ ಯಾರಾದರೊಬ್ಬರು ಕದ ತಟ್ಟಿಯಾರು, ನೀವೂ ಸಭೆ ಸೇರಿಯೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ: ಅತ್ತು ಚಪ್ಪಾಳೆ ತಟ್ಟಿದ ಮೇಲೆ ಅಲ್ಲಿಗೇ ಮುಗಿಯಿತೆಂದು ಎದ್ದು ಹೋಗಬೇಡಿ. ಎಲ್ಲರೂ ನಿಂತಿರುವಾಗ ಒಬ್ಬರು ಮೊದಲು ಕೂರಿ. ಇನ್ನೊಬ್ಬರು ಕೂರಲು ಕಾದಿರುತ್ತಾರೆ, ಆ ಮಂಡಿ ಬಾಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬಣ್ಣದ ಕೋಣೆಯಲ್ಲಿ ಮಡಿಚುವ ಸದ್ದು ನಿಂತಿದೆ. ನನಗೆ ಮತವಿಲ್ಲ, ನಾನು ಕೂತರೆ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೂ ನಾಳೆ ಬೆಳಗ್ಗೆ ಜನ ಇಬ್ಬನಿ ಹಿಂಡಲು ಮಾಳಿಗೆ ಹತ್ತಿದ ಹೊತ್ತಿಗೆ, ಮುಂದಿನ ಸಾಲಿನ ಎರಡು ಕುರ್ಚಿಗಳನ್ನು ಹೊತ್ತು ಊರ ಅಗಸೆಬಾಗಿಲಿಗೆ ಹೋಗುತ್ತೇನೆ. ಗಾಡಿ ಬರುವ ದಾರಿಯ ನಟ್ಟನಡುವೆ ಅವುಗಳನ್ನಿಟ್ಟು, ಒಂದರಲ್ಲಿ ಕೂತು, ನೀಲವ್ವನ ಕುರ್ಚಿಯನ್ನು ಪಕ್ಕದಲ್ಲಿ ಖಾಲಿ ಬಿಡುತ್ತೇನೆ.