ಸಲೋಮಿಯ ಕಿಟಕಿ

ಡಿಸೆಂಬರ್ 9, ಜೇವರ್ಗಿ

ಅತ್ತೆಯ ನಗು ಇನ್ನೂ ಕಿವಿಯಲ್ಲಿದೆ.

ಪ್ರತಿ ವರ್ಷ ಕ್ರಿಸ್‌ಮಸ್‌ ತಿಂಗಳು ಬಂದರೆ ಅವರು ಗೋಡೆಗೆ ರಟ್ಟಿನ ಕ್ಯಾಲೆಂಡರ್ ಹಚ್ಚುತ್ತಾರೆ. ದಿನಕ್ಕೊಂದು ಪುಟ್ಟ ಕಿಟಕಿ, ಒಳಗೊಂದು ಚಾಕೊಲೇಟ್, ಮೇಲೆ ಒಬ್ಬ ಮೊಮ್ಮಗುವಿನ ಹೆಸರು. ನಾನು ಎರಡನೇ ಮದುವೆಯಾಗಿ ಬಂದ ಮೇಲೆ ಇದೇ ಮೊದಲ ಕ್ರಿಸ್‌ಮಸ್. ಇವತ್ತು ನನ್ನ ಮಗಳು ಸಲೋಮಿಯ ಸರದಿ. ಕಿಟಕಿ ತೆರೆದಳು. ಒಳಗೆ ಏನೂ ಇರಲಿಲ್ಲ.

"ನಿಂದು ನಿಮ್ಮಪ್ಪನ ಗೋರಿ ಮ್ಯಾಲ ಇಟ್ಟಾರ, ಹೋಗಿ ತಗೋ ಬೇ" ಎಂದು ಅತ್ತೆ ನಕ್ಕರು. ನನ್ನ ಗಂಡ ಧರ್ಮರಾಜ ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದ.

ಅವಳ ಹೆಸರಿನ ಉಳಿದ ಕಿಟಕಿಗಳನ್ನೂ ಹರಿದು ನೋಡಿದೆ. ಎಲ್ಲವನ್ನೂ ಖಾಲಿ ಇಟ್ಟೇ ಅಂಟಿಸಿದ್ದರು.

ಮಲಗುವಾಗ ಸಲೋಮಿ, "ಯವ್ವಾ, ನಾ ಚಾಕೊಲೇಟ್ ಕೇಳಂಗಿಲ್ಲಂತ ಅಜ್ಜಿಗಿ ಹೇಳು. ಇಲ್ಲೇ ಇರ್ಲಾಕ ಬಿಡ್ತಾಳ" ಎಂದಳು.

ಬಟ್ಟೆ ಕಟ್ಟಿಟ್ಟಿದ್ದೇನೆ. ಬೆಳಗಿನ ಬಸ್ಸಿಗೆ ಆಳಂದ, ಅಕ್ಕನ ಮನೆ. ಇವನಿಗೆ ಹೇಳುವುದಿಲ್ಲ. ಅವನು ತಲೆ ಎತ್ತಿ ನೋಡಿದಾಗ ನಾವಿಬ್ಬರೂ ಇಲ್ಲಿರುವುದಿಲ್ಲ.